ಕೊಳಕ್ಕೆ ಹೊಡೆದವನೇ ಬೇಕಂತೆ

ಅಯೋವಾದ ನಮ್ಮೂರ ಮೈದಾನದಲ್ಲಿ ನಾನು ಹೊಡೆದ ಗಾಲ್ಫ್ ಚೆಂಡೊಂದು ಪಕ್ಕದ ನೆಬ್ರಾಸ್ಕಾ ರಾಜ್ಯದ ಕೋಳಿಗೂಡಿಗೆ ಹೋಗಿ ಬಿತ್ತು. ಅಲ್ಲಿನ ಹೇಂಟೆ ಅದಕ್ಕೆ ಮೂರು ವಾರ ಕಾವು ಕೊಟ್ಟಿತು. ಇಂಥ ನಾನೇ ಪಕ್ಕದ ಮನೆಯ ಲೋವೆಲ್‌ಗೆ ಗುರು ಎಂದಮೇಲೆ ಕಾಲೇಜಿನ ಕೋಚ್ ಅವನನ್ನು ಹುಡುಕಿಕೊಂಡು ಬಾರದೆ ಇರುತ್ತಾನೆಯೇ?

ಶನಿವಾರ ಬೆಳಿಗ್ಗೆ ಬಂದೇ ಬಿಟ್ಟ. ಹೆಸರು ಪ್ರೂಯಿಟ್. ಕಾಲೇಜು ತಂಡದಲ್ಲಿ ಒಂದೇ ಒಂದು ಪಂದ್ಯ ಆಡಬೇಕೆಂಬುದು ಲೋವೆಲ್‌ನ ಜೀವಮಾನದ ಆಸೆ. ಅರವತ್ತು ಕಾಲೇಜಿಗೆ ಬರೆದಿದ್ದ. ಉತ್ತರ ಕೊಟ್ಟವನು ಇವನೊಬ್ಬನೇ. ಹುಡುಗ ಮೈದಾನದಲ್ಲಿ ಕೋಲು ಹಿಡಿದು ಚೆಂಡಿನ ಮುಂದೆ ನಿಂತ.

"ಮೊಣಕೈ ನೆಟ್ಟಗಿಡೋ," ಎಂದೆ ನಾನು.

"ಉಸಿರು ಬಿಡು ಮಗಾ," ಎಂದರು ಅವನ ತಾಯಿ ಇಂಗ್ರಿಡ್.

"ಮೊದ್ಲು ಆ ಕೂದ್ಲು ಕಣ್ಣಿಂದ ತೆಗಿ," ಎಂದ ಕ್ಷೌರದ ಡ್ವೇನ್.

ಮೂರನ್ನೂ ಒಟ್ಟಿಗೆ ಪಾಲಿಸಲು ಹೋಗಿ ಲೋವೆಲ್ ಚೆಂಡನ್ನು ಸೀದಾ ಕೊಳಕ್ಕೆ ಕಳಿಸಿದ.

"ಪರವಾಗಿಲ್ಲ! ಗಣಿತದಲ್ಲಿ ಎಷ್ಟು ಬಂತು ಮರಿ?" ಎಂದ ಕೋಚ್.

"ತೊಂಬತ್ತೊಂಬತ್ತು ಸರ್."

"ಆಹಾ!"

ಎರಡನೆಯದು ಹೊಲ ಸೇರಿತು.

"ರಸಾಯನಶಾಸ್ತ್ರ?"

"ನೂರು."

ಕೋಚ್ ಕಣ್ಣೊರೆಸಿಕೊಂಡ. ಮೂರನೆಯ ಚೆಂಡು ಮರಕ್ಕೆ ಬಡಿದು ವಾಪಸು ಬಂದು ಅವನ ಟೋಪಿಯನ್ನೇ ಹಾರಿಸಿತು. ಅದನ್ನೂ ಎತ್ತಿಕೊಳ್ಳದೆ ಹುಡುಗನ ಕೈ ಹಿಡಿದು, "ಇವತ್ತಿಂದ ನೀನು ನಮ್ಮ ತಂಡದವ್ನು!" ಎಂದ.

ಲೋವೆಲ್ ತನ್ನ ಬೆನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. "ಅಂಕಲ್, ಇವ್ರು ನಂಗೇ ಹೇಳ್ತಿರೋದಾ?"

"ಮತ್ತೆ? ಯಾರ ಶಿಷ್ಯ ನೀನು!"

"ಮೊದಲ್ನೇ ಪಂದ್ಯ ಯಾವಾಗ ಸರ್?"

"ಪಂದ್ಯವಾ? ಅಯ್ಯೋ, ನೀನು ಕೋಲು ಮುಟ್ಟಬೇಡಪ್ಪ!" ಕೋಚ್ ಬೆಚ್ಚಿಬಿದ್ದ. "ನಮ್ಮ ಹುಡುಗ್ರು ಮೈದಾನದಲ್ಲಿ ಹುಲಿಗಳು, ಪರೀಕ್ಷೇಲಿ ಸೊನ್ನೆಗಳು. ತಂಡದ ಸರಾಸರಿ ಅಂಕ ಇನ್ನೊಂದು ಕೂದಲೆಳೆ ಇಳಿದ್ರೆ ಕಾಲೇಜಿನವ್ರು ಆಟಾನೇ ನಿಲ್ಲಿಸ್ತಾರೆ. ನೀನು ಹಾಸ್ಟೆಲಲ್ಲಿ ಕೂತು ಓದ್ತಾ ಇರು, ಸಾಕು. ತಂಡದ ಅಂಗಿ ಕೊಡ್ತೀನಿ."

ನಗಬೇಕೋ ಅಳಬೇಕೋ ತಿಳಿಯದೆ ಲೋವೆಲ್ ಎರಡನ್ನೂ ಅರ್ಧರ್ಧ ಮಾಡಿದ.

"ಅಂದ ಹಾಗೆ, ಇಂಥ ಹುಡುಗನ ಗುರು ಯಾರು?" ಎಂದ ಕೋಚ್.

ನಾನು ಎದೆಯುಬ್ಬಿಸಿ ಮುಂದೆ ಬಂದೆ. "ನಾನೇ! ಇವನಿಗೆ ಗೊತ್ತಿರೋದೆಲ್ಲ ನಾನು ಕಲಿಸಿದ್ದು."

"ದೇವರು ಬಂದಂಗೆ ಬಂದ್ರಿ! ಸೋಮವಾರದಿಂದ ನಮ್ಮ ಹುಡುಗ್ರಿಗೂ ಬೀಜಗಣಿತ ಹೇಳ್ಕೊಡಿ. ಎಲ್ಲಿ, ಈ ಲೆಕ್ಕ ಒಂದ್ಸಲ ಬಿಡಿಸಿ ನೋಡೋಣ," ಎಂದು ಜೇಬಿನಿಂದ ಕಾಗದ ತೆಗೆದ.

ಇಂಗ್ರಿಡ್ ಕಿಸಕ್ಕೆಂದರು. "ಬಿಡಿಸಿ ಎಮೆಟ್, ಬಿಡಿಸಿ. ಯಾಕೆ ಬೆವರ್ತಿದ್ದೀರಾ?"

ಕಾಗದವನ್ನು ತಲೆಕೆಳಗು ಮಾಡಿ ನೋಡಿದೆ. ಆಗಲೂ ಅರ್ಥವಾಗಲಿಲ್ಲ.

"ಗಣಿತ ಕಲಿಸಿದ್ದು ಇವನಮ್ಮ," ಎಂದು ಒಪ್ಪಿಕೊಂಡೆ. "ನಾನು ಕಲಿಸಿದ್ದು ಗಾಲ್ಫ್ ಮಾತ್ರ."