ಆಡದ ಪಂದ್ಯಗಳ ಚಾಂಪಿಯನ್

ನಮ್ಮ ಕಡೆ ಹೆಸರು ಬೆಳೆಯುವುದು ನಡೆದ ಸಂಗತಿಗಳಿಂದಲ್ಲ, ನಡೆಯದೆ ತಪ್ಪಿಹೋದವುಗಳಿಂದ. ವರ್ಷಕ್ಕೆ ಒಂದಾದರೂ ಇಂಥದ್ದು ಕಣ್ಣಿಗೆ ಬೀಳುತ್ತದೆ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತು ಚಿಲ್ಲರೆ ವರ್ಷ ಕೂತವನಿಗೆ ಇದನ್ನು ತಿಳಿಯಲು ಎಂ.ಎ. ಬೇಕಾಗಿರಲಿಲ್ಲ. ನನಗೆ ಎಂ.ಎ. ಇತ್ತು, ಬೇರೆ ಯಾವುದಕ್ಕೂ ಅದು ಉಪಯೋಗಕ್ಕೆ ಬರಲಿಲ್ಲ.

ಇಲ್ಲಿ ಹೇಳುವುದೆಲ್ಲ ನಮ್ಮ ಕಚೇರಿಯ ಒಬ್ಬ ಗೇಟ್ ಆಪರೇಟರನ ಕತೆ. ಅವನು ಬಾಕ್ಸಿಂಗ್ ಚಾಂಪಿಯನ್. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಅವನಂಥ ಬಾಕ್ಸರ್ ಇಲ್ಲ ಎನ್ನುತ್ತಿದ್ದರು. ಮಾತು ನಿಜವೇ. ಆಗ ಈ ಕಡೆ ಬಾಕ್ಸರುಗಳೇ ಇರಲಿಲ್ಲ.

೧. ಬೆಳ್ಳಿ ಕಪ್ಪು

ಅವನು ದೇವಾಪುರದ ಕಡೆಯವನು. ಮಿಲಿಟರಿಗೆ ಹೋಗಿ ಬಂದ ಹೊತ್ತಿಗೆ ಊರಿಗೆ ಕಾಲುವೆ ಬಂದಿತ್ತು, ಕಾಲುವೆಗೆ ಗೇಟು ಬಂದಿತ್ತು, ಗೇಟು ತಿರುಗಿಸಲು ಗಟ್ಟಿ ಆಳು ಬೇಕಾಗಿತ್ತು. ಬರುವಾಗ ಬಾಕ್ಸಿಂಗಿನ ಒಂದು ಬೆಳ್ಳಿ ಕಪ್ಪು ತಂದಿದ್ದ. ಯಾರನ್ನು ಸೋಲಿಸಿ ಗೆದ್ದೆ ಎಂದು ಮೊದಲ ದಿನವೇ ಕೇಳಿದೆ.

"ಯಾರನ್ನೂ ಇಲ್ಲರಿ ಸರ. ಸೆಮಿಫೈನಲ್‌ನಾಂವಗ ಬ್ಯಾರೆ ಊರಿಗೆ ಬದಲಿ ಆತು. ಫೈನಲ್‌ನಾಂವಗ ಮೈತುಂಬ ಅಮ್ಮ ಎದ್ದಳು. ನಾ ಒಬ್ಬನೇ ರಿಂಗಿನ್ಯಾಗ ನಿಂತಿದ್ದೆ. ಕೈ ಎತ್ತಿಸಿ ಕಪ್ಪು ಕೊಟ್ಟು ಕಳಿಸಿದ್ರು."

ಕಪ್ಪನ್ನು ಅಂಗಿಯ ತುದಿಯಿಂದ ಒರೆಸುತ್ತ, "ಒಮ್ಮೆಯಾದ್ರೂ ಖರೇನ ಒಬ್ಬ ಸರೀ ಮನಶ್ಯಾನ ಜೋಡಿ ಆಡ್ಬೇಕ್ರಿ" ಎಂದ.

ಕೇಳಿದವರಿಗೆಲ್ಲ ಅವನು ಇದನ್ನೇ ಹೇಳುತ್ತಿದ್ದ, ಒಂದಕ್ಷರ ಹೆಚ್ಚಿಸದೆ. ಜನ ತಿಳಿದುಕೊಂಡದ್ದು ಮಾತ್ರ ಬೇರೆ. ಇವನ ಹೆಸರು ಕೇಳಿ ಒಬ್ಬ ಊರು ಬಿಟ್ಟ, ಇನ್ನೊಬ್ಬನ ಮೈಮೇಲೆ ಗುಳ್ಳೆ ಎದ್ದವು.

೨. ತೋಳು ಏರಿಸಿದ್ದು

ಜೋಳದ ಹೊಲಕ್ಕೆಲ್ಲ ಹೊಸದಾಗಿ ಭತ್ತ ಬಂದಿದ್ದ ಕಾಲ. ಮೇಲಿನ ಹೊಲದವರು ಗೇಟು ಇಳಿಸಿ ನೀರು ನಿಲ್ಲಿಸುತ್ತಿದ್ದರು, ಕೆಳಗಿನವರು ಸಲಿಕೆ ಹಿಡಿದು ಬರುತ್ತಿದ್ದರು. ಒಂದು ಸಲ ಎರಡು ಕಡೆಯಿಂದಲೂ ಮೂವತ್ತು ಮೂವತ್ತು ಜನ ಸೇರಿದ್ದರು. ನಮ್ಮವನು ಬಂದು, ಯಾರನ್ನೂ ನೋಡದೆ, ಅಂಗಿಯ ತೋಳು ನಿಧಾನವಾಗಿ ಮೇಲೇರಿಸಿದ. ಸಲಿಕೆಗಳು ಕೆಳಗಿಳಿದವು. ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು.

ಗೇಟಿನ ಚಕ್ರಕ್ಕೆ ಗ್ರೀಸ್ ಹಚ್ಚಿದ್ದರು. ತೋಳಿಗೆ ಮೆತ್ತುತ್ತದೆ ಎಂದು ಏರಿಸಿದ್ದ, ಅಷ್ಟೇ.

ಅಂದಿನಿಂದ ಆ ಗೇಟಿನಲ್ಲಿ ಜಗಳ ನಿಂತಿತು. ಅವನು ಯಾರನ್ನೂ ಮುಟ್ಟಲಿಲ್ಲ, ಕೆಳಗಿನ ಹೊಲಕ್ಕೆ ನೀರು ತಪ್ಪಲಿಲ್ಲ. ಎಲ್ಲೋ ಪಂದ್ಯ ಇದೆಯೆಂದು ಅವನು ರಜೆ ಕೇಳಲು ಹೋದಾಗ ಕಚೇರಿಯ ಸಾಹೇಬರು ಅರ್ಜಿ ಹರಿದರು. "ನೀ ಎಲ್ಲೂ ಆಡಬ್ಯಾಡ. ಒಮ್ಮೆ ಸೋತಿ ಅಂದ್ರ ಈ ಗೇಟಿಗೆ ಪೊಲೀಸ್ ವ್ಯಾನ್ ನಿಂದ್ರಿಸಬೇಕಾಗ್ತದ. ನಿನ್ನ ಪಗಾರದಾಗ ವ್ಯಾನ್ ಬರಂಗಿಲ್ಲ."

೩. ತೂಕ

ಮುಂದೆ ಯಾದಗಿರಿಗೆ ಒಬ್ಬ ಪೊಲೀಸ್ ಜಮಾದಾರ ವರ್ಗವಾಗಿ ಬಂದ. ಪೊಲೀಸರ ಬಾಕ್ಸಿಂಗ್‌ನಲ್ಲಿ ಗೆದ್ದವನು, ಅದೂ ಎದುರಿಗೆ ಮನುಷ್ಯರಿದ್ದಾಗ. ನಮಗೂ ಹೊಸ ಸಾಹೇಬರು ಬಂದಿದ್ದರು, ಆಟದ ಹುಚ್ಚಿನವರು. ಇಬ್ಬರಿಗೂ ಪಂದ್ಯ ನಿಗದಿಯಾಯಿತು. ಇಬ್ಬರ ತೂಕ ಹೊಂದಬೇಕೆಂಬ ನಿಯಮವಿತ್ತು, ಅವರವರ ಊರಲ್ಲಿ ತೂಗಿಸಿ ಚೀಟಿ ತರಲು ಹೇಳಿದರು.

ಶಹಾಪುರದಲ್ಲಿ ನಮ್ಮವನನ್ನು ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸಿದೆವು. ಹಮಾಲ ತೂಗಿದ. ರೂಢಿಯಂತೆ ಚೀಲಕ್ಕೆ ಒಂದು ಕಿಲೋ, ತೇವಕ್ಕೆ ಎರಡು ಕಿಲೋ ಕಳೆದು ಚೀಟಿ ಬರೆದ.

ಚೀಲ ಎಲ್ಲಿದೆ ಎಂದು ಕೇಳಿದೆ.

"ಅಂಗಿ ಹಾಕ್ಯಾನಲ್ರಿ."

ತೇವ?

"ಬೆವತಾನಲ್ರಿ."

ಯಾದಗಿರಿಯಲ್ಲಿ ಜಮಾದಾರನನ್ನು ತೂಗಿದ್ದು ಒಂದು ಲಾರಿ ಆಫೀಸಿನಲ್ಲಿ. ಅಲ್ಲಿ ಯಾವುದನ್ನೂ ಹತ್ತರ ಲೆಕ್ಕಕ್ಕೆ ಮೇಲೇರಿಸಿ ಬರೆಯುವುದು ಪದ್ಧತಿ. ಕಣ್ಣಿಗೆ ಸರಿಸಮ ಕಾಣುತ್ತಿದ್ದ ಇಬ್ಬರ ನಡುವೆ ಕಾಗದದ ಮೇಲೆ ಒಂದು ಎಳೆಗರುವಿನಷ್ಟು ಅಂತರ ಬಂತು. ಪಂದ್ಯ ರದ್ದಾಯಿತು.

ಶಹಾಪುರದ ಚಹಾದಂಗಡಿಯಲ್ಲಿ ಸಂಜೆಯೊಳಗೆ ತೀರ್ಪು ಬಂತು: ಜಮಾದಾರ ಹೆದರಿ, ತಿಂದು ತಿಂದು ಮೈ ಬೆಳೆಸಿಕೊಂಡು ತಪ್ಪಿಸಿಕೊಂಡ.

೪. ಪಾಳಿ

ಎರಡನೇ ಸಲ ಸುರಪುರದ ಮೈದಾನದಲ್ಲಿ ಸೇರಿದೆವು. ತೂಕದ ಮಾತು ಯಾರೂ ಎತ್ತಲಿಲ್ಲ. ಕಾಲುವೆಯ ಉದ್ದಕ್ಕೂ ಇರುವ ಹಳ್ಳಿಗಳೆಲ್ಲ ಬಂದಿದ್ದವು. ಗ್ಲೌಸ್ ಮಾತ್ರ ಒಂದೇ ಜೋಡಿ ಇತ್ತು, ನಮ್ಮವನು ಮಿಲಿಟರಿಯಿಂದ ತಂದದ್ದು. ಜಮಾದಾರ ಪೊಲೀಸ್ ಉಗ್ರಾಣದಿಂದ ತರಬೇಕಾಗಿದ್ದ ಜೋಡಿಗೆ ಒಬ್ಬರ ಸಹಿ ಬೇಕಿತ್ತು, ಅವರು ರಜೆಯಲ್ಲಿದ್ದರು.

ರುಮಾಲಿನ ಹಿರಿಯರೊಬ್ಬರು ಎದ್ದು ನಿಂತರು. "ಇದ್ರಾಗ ಏನ್ ದೊಡ್ಡದೈತಿ? ನೀರಿಗೆ ಪಾಳಿ ಇಲ್ಲೇನು? ಒಂದ್ ರೌಂಡ್ ಇಂವ ಹೊಡೀಲಿ, ಅಂವ ನಿಂದ್ರಲಿ. ಆಮ್ಯಾಲ ಬಿಚ್ಚಿ ಅಂವಗ ಕೊಡ್ಲಿ."

ಹೊಡೆಸಿಕೊಳ್ಳುವವನು ಏನು ಮಾಡಬೇಕು ಎಂದು ರೆಫರಿ ಕೇಳಿದರು. ಪಾಳಿ ಇಲ್ಲದಾಗ ನಾವು ಏನು ಮಾಡುತ್ತೇವೋ ಅದನ್ನೇ ಎಂದರು ಹಿರಿಯರು. ಇಡೀ ಮೈದಾನಕ್ಕೆ ಇದು ನ್ಯಾಯವೆನಿಸಿತು. ನಮ್ಮ ಸಾಹೇಬರೂ ತಲೆಯಾಡಿಸಿದರು. ಉಳಿದದ್ದು ಒಂದೇ ಪ್ರಶ್ನೆ, ಮೊದಲ ಪಾಳಿ ಯಾರದು?

ನೀರು ಮೊದಲು ಬರುವುದು ನಮಗೆ, ಹೊಡೆತವೂ ನಮ್ಮವನದೇ ಮೊದಲು ಎಂದರು ಮೇಲಿನ ಹಳ್ಳಿಯವರು. ಕೆಳಗಿನವರು ಆ ಕ್ಷಣಕ್ಕೆ ಜಮಾದಾರನನ್ನು ತಮ್ಮವನೆಂದು ತೀರ್ಮಾನಿಸಿದರು. "ಮ್ಯಾಲಿನವರು ಮೊದಲ ಹೊಡದ್ರ ಕೆಳಗಿನವ್ರಿಗೆ ಹೊಡಿಯಾಕ ಏನ್ ಉಳೀತದ?" ಎಂದು ಒಬ್ಬ ಕೇಳಿದ. ಅವನ ದನಿಯಲ್ಲಿ ಹತ್ತು ಬೇಸಿಗೆಯ ಸಂಕಟವಿತ್ತು. ಆಮೇಲೆ ಯಾರು ಯಾರ ರುಮಾಲು ಎಳೆದರೋ ಗೊತ್ತಾಗಲಿಲ್ಲ.

ಅವತ್ತು ಆ ಮೈದಾನದಲ್ಲಿ ಹೊಡೆದಾಡದೆ ಉಳಿದವರು ಇಬ್ಬರೇ. ಒಂದೇ ಕಲ್ಲಿನ ಮೇಲೆ ಕೂತು ಹುರಿದ ಶೇಂಗಾ ಬಿಡಿಸುತ್ತಿದ್ದರು.

೫. ಕಣ್ಣಾರೆ ಕಂಡವರು

ಕೆಲವು ವರ್ಷಗಳ ನಂತರ ಹತ್ತಿಕುಣಿಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಒಬ್ಬ ಶಾಲಾ ಮಾಸ್ತರರು. ಸುರಪುರದ ಆ ಪಂದ್ಯದ ಮೂರನೇ ರೌಂಡನ್ನು ಅವರು ಎಲೆಯ ಮೇಲೆ ಎರಡು ಹೋಳಿಗೆ ಇಟ್ಟು ವಿವರಿಸಿದರು. ಜಮಾದಾರನ ದವಡೆ ಸರಿದದ್ದು, ನಮ್ಮವನು ದೊಡ್ಡ ಮನಸ್ಸು ಮಾಡಿ ಕೈ ತಡೆದದ್ದು. ನಾನು ಅಲ್ಲೇ ಇದ್ದೆ, ಪಂದ್ಯ ನಡೆಯಲೇ ಇಲ್ಲ ಎಂದೆ.

"ನೀವು ಹಿಂದ ಕುಂತಿರ್ಬೇಕ್ರಿ" ಎಂದು ಅವರು ಒಂದು ಹೋಳಿಗೆ ತಿಂದರು. ಜಮಾದಾರನದು.

೬. ಸಿಮೆಂಟ್ ಗೋದಾಮು

ತನ್ನ ನಿವೃತ್ತಿಗೆ ಒಂದು ವರ್ಷವಿದ್ದಾಗ ಚಾಂಪಿಯನ್ ನನ್ನ ಟೇಬಲ್ಲಿಗೆ ಬಂದು ಕೂತ.

"ಸರ, ಜನ ನನ್ನ ಹೆಸರಿನ್ಯಾಗ ಯಾರನ್ನೋ ಇಟ್ಕೊಂಡಾರ. ಅಂವ ನಾ ಅಲ್ಲ. ನಾ ಎಷ್ಟರಾಂವ ಅಂತ ನನಗ ಗೊತ್ತಾಗದೇ ಹೋಗ್ತದಲ್ರಿ."

ಈ ದೇಶದಲ್ಲಿ ತಾನು ಎಷ್ಟರವನೆಂದು ತಿಳಿಯಬೇಕೆನ್ನುವ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಜಮಾದಾರನಿಗೆ ಒಂದು ಕಾರ್ಡು ಬರೆದೆ. ಅವನು ತನ್ನ ಗ್ಲೌಸ್ ತಾನೇ ಕೊಂಡು ತಂದ.

ಒಂದು ಭಾನುವಾರ ಮಧ್ಯಾಹ್ನ, ಕಚೇರಿಯ ಸಿಮೆಂಟ್ ಗೋದಾಮಿನಲ್ಲಿ, ಬಾಗಿಲು ಹಾಕಿ, ಪಂದ್ಯ ನಡೆಯಿತು. ಇಬ್ಬರಿಗೂ ಹೊಟ್ಟೆ ಬಂದಿತ್ತು. ರೆಫರಿ, ಗಡಿಯಾರ, ಪ್ರೇಕ್ಷಕ ಎಲ್ಲ ನಾನೇ. ಎರಡೆರಡು ನಿಮಿಷದ ಮೂರು ರೌಂಡ್. ಹೊಡೆತಕ್ಕೊಮ್ಮೆ ಧೂಳೇಳುತ್ತಿತ್ತು. ಮೊದಲ ರೌಂಡ್ ಸಮ. ಎರಡನೆಯದು ಜಮಾದಾರನದು. ಮೂರನೆಯದರಲ್ಲಿ ನಮ್ಮವನ ಮೂಗಿಗೆ ನೇರ ಒಂದು ಬಿತ್ತು, ಚೀಲಗಳ ಮೇಲೆ ಕೂತುಬಿಟ್ಟ. ನಾನು ಹತ್ತು ಎಣಿಸಿದೆ. ಹನ್ನೆರಡಾದರೂ ಏಳಲಿಲ್ಲ. ಕೂತಲ್ಲೇ ನಗುತ್ತಿದ್ದ, ಮೀಸೆಯ ಮೇಲೆ ರಕ್ತ ಮತ್ತು ಸಿಮೆಂಟು.

"ಛಲೋ ಹೊಡದ್ರಿ ಜಮಾದಾರ್ರ" ಎಂದ. "ಈಗ ಗೊತ್ತಾತು."

ಮರುದಿನದಿಂದ ಎಲ್ಲರಿಗೂ ಹೇಳಲು ಶುರುಮಾಡಿದ: ನಾನು ಸೋತೆ, ಜಮಾದಾರ ಗೆದ್ದ. ಯಾರೂ ನಂಬಲಿಲ್ಲ. ದೊಡ್ಡವರು ಹಾಗೇ ಹೇಳುವುದು ಎಂದರು. ಮೂಗಿನ ಊತವನ್ನು ತೋರಿಸಿದರೆ ಜೇನು ಕಡಿದಿರಬೇಕು ಎಂದರು. ನಾನು ಸಾಕ್ಷಿ ಹೇಳಿದೆ. ಗೋದಾಮಿನೊಳಗೆ ಕತ್ತಲಿರುತ್ತದಲ್ಲ ಎಂದು ನನ್ನ ಕನ್ನಡಕವನ್ನು ನೋಡಿದರು.

ಅತ್ತ ಯಾದಗಿರಿಯಲ್ಲಿ, ತಾನು ಗೆದ್ದೆ ಎಂದ ಜಮಾದಾರನನ್ನು ಠಾಣೆಯವರೇ ನಕ್ಕು ಕಳಿಸಿದ್ದರು. ಅವನು ಬಸ್ಸು ಹಿಡಿದು ನಮ್ಮ ಕಚೇರಿಗೆ ಬಂದು, ನನ್ನನ್ನೂ ಕರೆದುಕೊಂಡು ಗೇಟಿಗೆ ಹೋದ. ಅದು ನೀರಿನ ಪಾಳಿಯ ದಿನ, ನೂರು ಜನ ರೈತರಿದ್ದರು. ಚಾಂಪಿಯನ್ ಅವರೆದುರಿಗೆ ಜಮಾದಾರನ ಕೈ ಹಿಡಿದು ಮೇಲೆತ್ತಿದ. "ಇವರ ನೋಡ್ರಿ ನನ್ನ ಸೋಲಿಸಿದವರು."

ರೈತರು ಇಬ್ಬರನ್ನೂ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಜಮಾದಾರನ ಹತ್ತಿರ ಬಂದು ಭುಜ ತಟ್ಟಿದರು. ಒಬ್ಬ ಅಜ್ಜ ತನ್ನ ಕಂಬಳಿ ಹಾಸಿ ಕೂರಿಸಿ, ಚಹಾ ಬಗ್ಗಿಸಿ ಕೈಗಿಟ್ಟ. "ಮನಸಿಗೆ ಹಚ್ಕೋಬ್ಯಾಡ್ರಿ ಜಮಾದಾರ್ರ. ಇಂಥವನ ಕೈಯಾಗ ಸೋತ್ರ ಅದೂ ಒಂದು ಮರ್ಯಾದಿನೇ."

ಚಾಂಪಿಯನ್ ಹಿಂದಿನಿಂದ ಇಲ್ಲ, ಇಲ್ಲ ಎನ್ನುತ್ತಲೇ ಇದ್ದ. ಅವನ ದೊಡ್ಡಗುಣ ಕಂಡು ಇಬ್ಬರು ಕಣ್ಣೊರೆಸಿಕೊಂಡರು.

ಜಮಾದಾರ ಚಹಾ ಕುಡಿದ. ಇನ್ನೂ ಮೂರು ಜನ ಬಂದು ಸಮಾಧಾನ ಹೇಳಿದರು. ಅವನನ್ನು ಮನೆ ಮುಟ್ಟಿಸಿ ಬರೋಣವೆಂದು ಯಾದಗಿರಿಯ ಬಸ್ಸಿನಲ್ಲಿ ನಾನೂ ಅವನ ಪಕ್ಕ ಕೂತೆ. ಭೀಮಾ ಸೇತುವೆ ದಾಟಿದ ಮೇಲೆ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದ:

"ಸಾಹೇಬ್ರ, ನೀವು ಅಲ್ಲೇ ಇದ್ರಿ. ನಾ ಖರೇನೇ ಗೆದ್ದೀನೇನ್ರಿ?"

ಗೆದ್ದೀರಿ ಎಂದೆ. ಹೇಳುವ ಮೊದಲು ಸ್ವಲ್ಪ ಯೋಚಿಸಬೇಕಾಯಿತು.