‘ತೆಗೆ’ ಎಂದರೆ ತೆಗೆದೇಬಿಟ್ಟವರಿಗೆ

ಮಾನ್ಯ ‘ತೆಗೆ’ಯವರೇ,

ಮಹಾಪೆಯ ನಮ್ಮ ಆಫೀಸಿನ ಕಂಪ್ಯೂಟರುಗಳಲ್ಲಿ, ಕಪ್ಪು ಪರದೆಯ ಮೇಲೆ ಹೆಸರು ಟೈಪಿಸಿದೊಡನೆ ಕೈಕಟ್ಟಿ ನಿಲ್ಲುವ ತಮಗೆ ಡೊಂಬಿವಲಿಯ ಜಯಲತಾಳ ಸವಿನಯ ನಮಸ್ಕಾರಗಳು.

ಉದ್ದುದ್ದ ಆದೇಶಗಳನ್ನು ದಿನವಿಡೀ ಟೈಪಿಸಿ ಬೆರಳು ಸವೆಸುತ್ತಿದ್ದ ನಮ್ಮ ಕಷ್ಟ ನೋಡಲಾರದೆ ಸಹೋದ್ಯೋಗಿ ಲತೀಶ್ ತಮ್ಮನ್ನೂ, ತಮ್ಮ ಅಕ್ಕ ‘ನೋಡು’ವನ್ನೂ, ಅಣ್ಣ ‘ಹುಡುಕು’ವನ್ನೂ ಒಂದೊಂದೇ ಪದದ ಆದೇಶಗಳಾಗಿ ಬರೆದುಕೊಟ್ಟಾಗ, ಕನ್ನಡದಲ್ಲಿ ಹೇಳಿದರೆ ಕೇಳುವವರು ಥಾಣೆ ಜಿಲ್ಲೆಯಲ್ಲಿ ಕೊನೆಗೂ ಹುಟ್ಟಿದರೆಂದು ಮೊದಲು ಸಂತೋಷಪಟ್ಟವಳು ನಾನು.

ಆ ಸಂತೋಷದಲ್ಲೇ ಶುಕ್ರವಾರ, ಮಾಜಿವಾಡಾದ ದವಾಖಾನೆಗೆಂದು ವಾರವಿಡೀ ಬರೆದಿದ್ದ, ರೋಗಿಗಳನ್ನು ಸರದಿಯಂತೆ ಹೆಸರು ಹಿಡಿದು ಕರೆಯುವ ಪ್ರೋಗ್ರಾಮಿನ ಫೈಲನ್ನು ಎಡಿಟರಿನಲ್ಲಿ ತೆರೆಯೋಣವೆಂದು ‘ತೆಗೆ’ ಎಂದೆ. ತಾವು ತೆಗೆದಿರಿ. ಎಷ್ಟು ಚೊಕ್ಕಟವಾಗಿ ತೆಗೆದಿರೆಂದರೆ ಫೈಲು ಇದ್ದ ಗುರುತೇ ಉಳಿಯಲಿಲ್ಲ. ಗಾಬರಿಯಲ್ಲಿ, ಅದರ ಪ್ರತಿಯನ್ನಾದರೂ ತೆರೆದು ನೋಡೋಣವೆಂದು ಮತ್ತೆ ತಮ್ಮನ್ನೇ ಕರೆದೆ. ತಾವು ಅದೇ ಶ್ರದ್ಧೆ ತೋರಿದಿರಿ. ಯಾವ ಕಚೇರಿಯಲ್ಲೂ ನನ್ನ ಕೆಲಸವೊಂದು ಒಂದೇ ದಿನ ಎರಡು ಸಲ ಆದದ್ದು ನನ್ನ ನೆನಪಿನಲ್ಲಿಲ್ಲ.

ವಿಚಾರಿಸಿದಾಗ, ಥಾಣೆಯಲ್ಲೇ ಹುಟ್ಟಿ ಕನ್ನಡವನ್ನು ತಾಯಿಯ ಗದರಿಕೆಗಳಿಂದಲೇ ಕಲಿತ ಲತೀಶ್, “ಅಕ್ಕಾ, ತೆಗೆ ಮತ್ಲಬ್ ಹಟಾವೋ ನಾ? ಮಮ್ಮಿ ರೋಜ್ ಬೋಲ್ತೀ ಹೈ, ಚಪ್ಪಲ್ ತೆಗೆ, ಪ್ಲೇಟ್ ತೆಗೆ” ಎಂದ. ಅವನ ಪಾಲಿಗೆ ತೆಗೆ ಎಂದರೆ ಅಲ್ಲಿಂದ ಆಚೆ ಹಾಕು, ಅಷ್ಟೇ. ‘ಬಾಗಿಲು ತೆಗೆ’ ಎಂದದ್ದು ಅವನ ಕಿವಿಗೆ ಬಿದ್ದೇ ಇಲ್ಲ. ಬಾಗಿಲು ತೆಗೆಯಲು ಏಳುತ್ತಿದ್ದವಳು ಅವನ ತಂಗಿಯಂತೆ. ನಮ್ಮ ಮನೆಯಲ್ಲಾದರೋ ನಾನು ಹುಟ್ಟಿದಾಗಿನಿಂದ ಬಾಗಿಲು ತೆಗೆ ಎನ್ನುತ್ತಲೇ ಇದ್ದೇವೆ. ಯಾರೂ ಅದನ್ನು ಕಿತ್ತು ಗುಜರಿಯ ಭಂಗಾರ್‌ವಾಲಾನಿಗೆ ಹಾಕಿ ಬಂದಿಲ್ಲ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಕೈಹಚ್ಚುವ ಮುನ್ನ ‘ಯಾವ ತೆಗೆ?’ ಎಂದೊಮ್ಮೆ ಕೇಳಬೇಕು. ಅದು ಘನತೆಗೆ ಕುಂದೆನಿಸಿದರೆ ಭಾನುವಾರ ಕನ್ನಡ ಸಂಘದ ತರಗತಿಯಲ್ಲಿ ಒಂದನೆಯ ಇಯತ್ತೆಯ ಮಕ್ಕಳೊಡನೆ ಕೂರಬೇಕು. ಅಷ್ಟಾದ ಮೇಲೂ ಉತ್ಸಾಹ ಉಳಿದಿದ್ದರೆ ಬೆಳಗಿನ ಹೊತ್ತು ದಿವಾ ಸ್ಟೇಶನ್ನಿಗೆ ಹೋಗಿ, ಲೋಕಲ್ ಟ್ರೇನಿನ ಬಾಗಿಲಿಗೆ ಅಡ್ಡ ನಿಲ್ಲುವವರನ್ನು ತೆಗೆಯಬೇಕು. ಅಲ್ಲಿ ತಮ್ಮಂಥವರ ಅಗತ್ಯ ಬಹಳವಿದೆ.

ಇನ್ನೂ ಅಳಿಸಿಹೋಗದ,
ತಮ್ಮ ವಿಶ್ವಾಸಿ
ಜಯಲತಾ

ತಾ.ಕ.: ಶನಿವಾರ, ಭಾನುವಾರದ ರಜೆಯೆಲ್ಲ ಕೂತು ಫೈಲನ್ನು ಪುನಃ ಬರೆದಿದ್ದೇನೆ. ಅದನ್ನು ದವಾಖಾನೆಯಲ್ಲಿ ಚಾಲೂ ಮಾಡಲೆಂದು ಲತೀಶ್ ಪ್ರಾಯಶ್ಚಿತ್ತವಾಗಿ ತಮಗೊಬ್ಬ ತಮ್ಮನನ್ನು ಬರೆದುಕೊಟ್ಟಿದ್ದಾನೆ. ಹೆಸರು ‘ಬಿಡು’. ಗಾಡಿ ಬಿಡು ಎನ್ನುವಾಗಿನ ಬಿಡುವೋ, ಆಸೆ ಬಿಡು ಎನ್ನುವಾಗಿನ ಬಿಡುವೋ, ತಾಯಿಯನ್ನು ಕೇಳಿಕೊಂಡು ಬಾ ಎಂದು ಲತೀಶನನ್ನು ಮನೆಗೆ ಕಳಿಸಿದ್ದೇನೆ.