ಮಸಗುಪ್ಪಿ ಗಪ್ಪಾದ ದಿನ

ಧ್ವನಿ, ಪ್ರಸಾರ ಎಲ್ಲ ಓದಿದವರ ವಿಷಯ. ನಾನು ಹೇಳಹೊರಟದ್ದು ಅತಿಯಾಯಿತು ಅನಿಸಿದರೆ ದಯವಿಟ್ಟು ಕ್ಷಮಿಸಬೇಕು. ಇದು ಮಲ್ಲೇಶನ ಕತೆ; ಅವನು ಹೇಳಿದ್ದನ್ನು ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ. ಆದರೂ ತಪ್ಪಿದ್ದರೆ ಅದು ನನ್ನದು, ಅವನದಲ್ಲ.

ಎಲ್ಲಕ್ಕೂ ಕಾರಣ ಒಂದು ಸಮುದ್ರ. ಗೋಕಾಕದ ಕಾಲೇಜೊಂದರ ಧ್ವನಿ ಪ್ರಸಾರ ವಿಭಾಗದ ವಿದ್ಯಾರ್ಥಿಗಳು ಒಂದು ರೇಡಿಯೋ ನಾಟಕ ಮಾಡಿದ್ದರು. ನಾಗನೂರ ಕಬ್ಬಿನ ಹೊಲದಲ್ಲಿ ಗಂಡ ಹೆಂಡತಿ ಜಗಳ. ಜಗಳದ ನಡುವೆ ಇಬ್ಬರೂ ಮುನಿಸಿಕೊಂಡು ಸುಮ್ಮನಾಗುವ ಜಾಗಕ್ಕೆ ಹುಡುಗರು ಇಂಟರ್‌ನೆಟ್ಟಿನಿಂದ ಯಾವುದೋ ಮೌನವನ್ನು ಇಳಿಸಿ ಅಂಟಿಸಿದ್ದರು. ಕಿವಿಗೊಟ್ಟು ಕೇಳಿದರೆ ಅದರೊಳಗೆ ಅಲೆಗಳ ಸಪ್ಪಳ.

"ನಾಗನೂರಿಗೆ ಸಮುದ್ರ ಯಾವಾಗ ಬಂತ್ರಿ?" ಎಂದು ವಿಭಾಗದ ಮುಖ್ಯಸ್ಥೆ ಕಸ್ತೂರಿ ಮೇಡಂ ಕೇಳಿದ್ದು ಹುಡುಗರನ್ನಲ್ಲ, ಮಲ್ಲೇಶನನ್ನು.

ಮಲ್ಲೇಶ ಅಲ್ಲಿ ಅತಿಥಿ ಉಪನ್ಯಾಸಕ. ಆ ವಿಭಾಗಕ್ಕೊಂದು ಪದ್ಧತಿ ಇತ್ತು: ಪಠ್ಯಕ್ಕೆ ಹೊಸ ಪಾಠ ಸೇರಬೇಕಾದರೆ ಅದು ಅಲ್ಲಿ ಕಲಿಸುವವರ ಸಂಶೋಧನೆಯಿಂದಲೇ ಹುಟ್ಟಬೇಕು. ಸಹೋದ್ಯೋಗಿ ಗಜಾನನ ಎರಡು ವರ್ಷ ಹುಕ್ಕೇರಿ ಸಂತೆಯಲ್ಲಿ ಬದನೆಕಾಯಿ ಮಾರುವವರ ಕೂಗು ಹಿಡಿದು ತಂದ. ಅದು 'ಸಂತೆಯ ಧ್ವನಿ' ಎಂಬ ಪಾಠವಾಯಿತು, ಗಜಾನನನ ಕುರ್ಚಿ ಗಟ್ಟಿಯಾಯಿತು. ಮಲ್ಲೇಶನದು ಅಂಥದ್ದೇನೂ ಇರಲಿಲ್ಲ. ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ತನ್ನ ಹೆಸರು ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಸಮುದ್ರದ ಅವಮಾನದಿಂದಲೇ ಅವನಿಗೆ ವಿಷಯ ಹೊಳೆಯಿತು. ಪ್ರತಿ ಊರಿಗೂ ಅದರದೇ ಮೌನ ಇದೆ. ಅದನ್ನು ಹಿಡಿಯುವುದು ಕಲಿಸಬೇಕು. ಕಸ್ತೂರಿ ಮೇಡಂ ಒಪ್ಪಿದರು. ಬೇರೆ ಸಪ್ಪಳ ಸೇರಿ ಕೆಡದ ಹತ್ತು ನಿಮಿಷದ ಮೌನ ತಂದು ತೋರಿಸಿದರೆ ಪಾಠ ಮಂಜೂರು ಎಂದರು. ಹುಕ್ಕೇರಿಯಲ್ಲಿ ಬಸ್ಸುಗಳು ಕೆಡಿಸಿದವು, ಮೂಡಲಗಿಯಲ್ಲಿ ಮದುವೆಯ ಬ್ಯಾಂಡು ಕೆಡಿಸಿತು. ಕಡೆಯ ದಿನ ಬಂತು; ಅವತ್ತು ಸಂಜೆ ನಾಲ್ಕಕ್ಕೆ ಪಾಠ ಮಂಜೂರು ಮಾಡುವ ಸಮಿತಿಯ ಸಭೆ. ಉಳಿದದ್ದು ಮಸಗುಪ್ಪಿ ಒಂದೇ. ಮಲ್ಲೇಶ ಹಲ್ಲು ಕಚ್ಚಿ ಮೊದಲ ಬಸ್ಸು ಹತ್ತಿದ.

ಊರಂಚಿನಲ್ಲಿ ಲಕ್ಕವ್ವನ ಮನೆಯ ಕಟ್ಟೆ, ಮೇಲೆ ಬೇವಿನ ಮರ. ಆಕೆಯ ಅಪ್ಪಣೆ ಕೇಳಿ ಅಲ್ಲೇ ಕುಳಿತ. ಸಪ್ಪಳ ಹಿಡಿಯುವ ಯಂತ್ರ ಚಾಲೂ ಮಾಡಿ ಕಿವಿಗೆ ಹೆಡ್‌ಫೋನ್ ಏರಿಸಿದ. ಮೂರನೇ ನಿಮಿಷಕ್ಕೆ ಲಕ್ಕವ್ವ ಚಹಾ ತಂದಳು.

"ಇದರಾಗ ಏನ್ ತುಂಬ್ಕೊಳ್ಳಾಕತ್ತೀಯೋ ತಮ್ಮಾ?"

"ಏನೂ ಇಲ್ರಿ ಅವ್ವಾರ. ಸಪ್ಪಳ ಇಲ್ಲದ್ದನ್ನ ತುಂಬ್ಕೊಳ್ಳಾಕತ್ತೇನಿ."

ಲಕ್ಕವ್ವ ಅವನನ್ನೂ ಯಂತ್ರವನ್ನೂ ನೋಡಿದಳು. "ಏನೂ ಇಲ್ಲದ್ದನ್ನ ತುಂಬ್ಕೊಳ್ಳಾಕ ಗೋಕಾಕದಿಂದ ಬಂದೀ? ಅಲ್ಲಿ ಸಿಗಲಿಲ್ಲೇನು?"

ಮಲ್ಲೇಶ ವೇಳಾಪಟ್ಟಿಯ ತನಕ ಎಲ್ಲ ಬಿಡಿಸಿ ಹೇಳಿದ. ಹೊಟ್ಟೆಪಾಡಿನ ಮಾತು ಎಂದ ಮೇಲೆ ಲಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಕೆ ಹೋಗಿ ಹೊಲದ ಪಂಪಸೆಟ್ಟು ಬಂದ್ ಮಾಡಿಸಿದಳು. ಬಾಜೂ ಗಿರಣಿಯವನಿಗೂ ಹೇಳಿ ಅದನ್ನೂ ನಿಲ್ಲಿಸಿದಳು. ಗಿರಣಿ ನಿಂತದ್ದೇ ಹಿಟ್ಟಿನ ಡಬ್ಬಿ ಹಿಡಿದವರೆಲ್ಲ ಯಾಕೆ ನಿಂತಿತು ಎಂದು ಕೇಳಲು ಕಟ್ಟೆಗೆ ಬಂದರು. ಲಕ್ಕವ್ವ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಮೊದಲಿನಿಂದ ಕತೆ ಹೇಳಿದಳು.

ಆಗ ಬಂದವನು ಪರಪ್ಪ. ಮೋಟರ್‌ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಕರ ತುಂಬಿರಿ, ಎಮ್ಮೆಗೆ ಲಸಿಕೆ ಹಾಕಿಸಿರಿ ಎಂದು ಊರೂರು ಸಾರುವುದೇ ಅವನ ಉದ್ಯೋಗ. ಅವನ ದನಿ ಹೊಸ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ.

"ಮಾಸ್ತರ, ನೀವು ಕುಂತಿರ್ರಿ. ಊರ ಗಪ್ಪ ಮಾಡೋದು ನನಗ ಬಿಡ್ರಿ."

ಬೇಡ ಎನ್ನಲು ಮಲ್ಲೇಶ ಬಾಯಿ ತೆರೆಯುವುದರೊಳಗೆ ಗಾಡಿ ಓಣಿ ಹೊಕ್ಕಿತ್ತು. ಗೋಕಾಕದಿಂದ ಮಾಸ್ತರ್ರು ಬಂದಿದ್ದಾರೆ, ಯಾರೂ ಕೆಮ್ಮಬಾರದು, ಪಾತ್ರೆ ತಿಕ್ಕಬಾರದು, ಜಗಳ ಇದ್ದವರು ಸಂಜೆಗೆ ಇಟ್ಟುಕೊಳ್ಳಬೇಕು ಎಂದು ಪರಪ್ಪ ಸಾರುತ್ತ ಹೋದ. ಅದುವರೆಗೆ ಮನೆಯೊಳಗೆ ತೆಪ್ಪಗಿದ್ದವರೂ ಆ ಮಾಸ್ತರನನ್ನು ನೋಡಲು ಹೊರಬಿದ್ದರು. ಹನ್ನೆರಡರ ಹೊತ್ತಿಗೆ ಅರ್ಧ ಊರು ಬೇವಿನ ಮರದ ಕೆಳಗಿತ್ತು.

ಮಲ್ಲೇಶ ಸೋಲಲಿಲ್ಲ. ಕೈಮುಗಿದು, ಹತ್ತೇ ನಿಮಿಷ ಎಂದು ಎಲ್ಲರನ್ನೂ ಬೇಡಿಕೊಂಡ. ಜನ ಒಳ್ಳೆಯವರು, ಉಸಿರು ಬಿಗಿಹಿಡಿದು ನಿಂತರು. ಎಲೆ ಅಲುಗುವುದು, ಎಲ್ಲೋ ಎಮ್ಮೆ ಮೆಲುಕು ಹಾಕುವುದು ಹೆಡ್‌ಫೋನಿನಲ್ಲಿ ಕೇಳತೊಡಗಿತು. ಇದೇ, ಇದೇ ಮಸಗುಪ್ಪಿಯ ಮೌನ. ಆರು ನಿಮಿಷ, ಏಳು, ಎಂಟು. ಮಲ್ಲೇಶ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ.

ಒಂಬತ್ತನೇ ನಿಮಿಷಕ್ಕೆ ಓಣಿಯ ತಿರುವಿನಿಂದ ಮೈಕು ಮೊಳಗಿತು.

"ಈಗ ಎಲ್ಲಾರೂ ಗಪ್ಪ ಆಗ್ಯಾರ್ರಿ. ಗಪ್ಪ ಆದ ಸಮಸ್ತ ಹಿರಿಯರಿಗೂ ತಾಯಂದಿರಿಗೂ ಧನ್ಯವಾದ್ರಿ. ಹಿಂಗ ಸಹಕಾರ ಇರಲಿ."

ಇನ್ನೊಂದು ಸಲ ಜನರನ್ನು ಬೇಡಿಕೊಳ್ಳೋಣವೆಂದರೆ ಬಸ್ಸಿನ ವೇಳೆಯಾಗಿತ್ತು. ಪರಪ್ಪನೇ ಗಾಡಿಯ ಮೇಲೆ ಸ್ಟಾಪಿಗೆ ಬಿಟ್ಟು, ಮತ್ತೆ ಬೇಕಾದರೆ ಕರೆಯಿರಿ ಎಂದು ಫೋನ್ ನಂಬರ್ ಕೊಟ್ಟ.

ನಾಲ್ಕಕ್ಕೆ ಸಮಿತಿ ಸೇರಿತು. ಕೆಟ್ಟದ್ದನ್ನು ಕತ್ತರಿಸಿ, ಉಳಿದದ್ದರ ತುಣುಕನ್ನೇ ಮತ್ತೆ ಅಂಟಿಸಿ ಎಂಟು ನಿಮಿಷವನ್ನು ಹತ್ತು ಮಾಡಬಹುದಿತ್ತು. ಸಂಶೋಧನೆಗೆ ಸುಳ್ಳು ಸೇರಿಸಬಾರದೆಂದು ಮಲ್ಲೇಶ ಎಲ್ಲವನ್ನೂ ಇದ್ದಂತೆ ಕೇಳಿಸಿದ: ಲಕ್ಕವ್ವ, ಗಿರಣಿ, ಮೈಕು, ಧನ್ಯವಾದ. ಮುಗಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವನು ಬೆಳಗಿನಿಂದ ಹುಡುಕಿದ ಮೌನ ಅಲ್ಲಿತ್ತು; ಆದರೆ ಯಂತ್ರ ಬಂದ್ ಆಗಿತ್ತು.

"ಪಾಠ ಮಂಜೂರು," ಎಂದರು ಕಸ್ತೂರಿ ಮೇಡಂ. "ಪಾಠದ ಹೆಸರು 'ಊರಿಗೆ ಸಾರೋ ಕಲೆ'. ಇಂಥದ್ದು ನಮ್ಮ ಹುಡುಗರಿಗೆ ಬೇಕೇ ಬೇಕಿತ್ತು. ಛಲೋ ಸಂಶೋಧನೆ ಮಾಡೀರಿ ಮಲ್ಲೇಶ."

ಮಲ್ಲೇಶನಿಗೆ ಕುಣಿಯಬೇಕು ಅನಿಸಿತು.

"ಆದ್ರ ಇದು ಪ್ರಾಯೋಗಿಕ ಪಾಠ. ಆ ಕೆಲಸ ಮಾಡಿದವರೇ ಕಲಿಸಬೇಕು," ಎಂದು ಅವರು ಪೆನ್ನು ತೆಗೆದರು. "ಆ ಮೈಕಿನವರ ನಂಬರ್ ಐತೇನ್ರಿ?"

ಇತ್ತು. ಮಲ್ಲೇಶ ಕೊಟ್ಟ.

ಈಗ ಪರಪ್ಪ ವಾರಕ್ಕೆ ಎರಡು ದಿನ ಗೋಕಾಕಕ್ಕೆ ಬರುತ್ತಾನೆ. ಅವನ ತರಗತಿಗೆ ಹುಡುಗರು ಕಿಕ್ಕಿರಿದು ಗದ್ದಲ ಮಾಡುವುದರಿಂದ, ಅವರನ್ನು ಗಪ್ಪ ಕೂಡಿಸಲು ಬಾಗಿಲಲ್ಲಿ ಮಲ್ಲೇಶನನ್ನು ನಿಲ್ಲಿಸಿದ್ದಾರೆ. ಆ ಕೆಲಸವೂ ಈ ವರ್ಷದ ಮಟ್ಟಿಗೆ ಮಾತ್ರ. ಆದರೂ ಭಾನುವಾರ ಬಂತೆಂದರೆ ಅವನು ಯಂತ್ರ ಹೆಗಲಿಗೇರಿಸಿ ಮಸಗುಪ್ಪಿ ಬಸ್ಸು ಹತ್ತುತ್ತಾನೆ.

ಉಳಿದ ಆ ಎರಡು ನಿಮಿಷ ಅವನಿಗೆ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.